ಮೂವತ್ತೆಂಟು ಸೆಕೆಂಡು

"ಕಪಾಟು ತೆಗೀರಿ," ಎಂದರು ಇನ್‌ಸ್ಪೆಕ್ಟರ್.

ನಾನು ತೆಗೆಯಲಿಲ್ಲ. ಮೊದಲು ಕಾಗದ ಕೇಳಿದೆ. ಅವರು ಜೇಬಿನಿಂದ ಶೋಧನೆಯ ಆದೇಶ ತೆಗೆದು ಹಾಸಿಗೆಯ ಮೇಲಿಟ್ಟರು. ಮನೆ ಸಂಖ್ಯೆ ಸರಿಯಿತ್ತು, ತಾರೀಖು ಸರಿಯಿತ್ತು, ಕೆಳಗೆ ಸಹಿಯೂ ಇತ್ತು. ನಾನು ಎರಡನೆಯ ಸಲ ಓದಲು ತೊಡಗಿದಾಗ ಜೊತೆಗೆ ಬಂದಿದ್ದ ಮಹಿಳಾ ಪೇದೆ ಗೋಡೆಗೆ ಒರಗಿ ನಿಟ್ಟುಸಿರು ಬಿಟ್ಟಳು.

ನಿನ್ನೆ ಮಧ್ಯಾಹ್ನ ಒಂದೂವರೆಗೆ ಮರದ ಅಡ್ಡೆಯ ಮಾಲೀಕ ತನ್ನ ಆಫೀಸಿನ ಕುರ್ಚಿಯಲ್ಲೇ ಗುಂಡೇಟಿಗೆ ಸತ್ತಿದ್ದ. ಎಂಟು ತಿಂಗಳ ಹಿಂದೆ ನನ್ನ ಗಂಡನನ್ನು ನಮ್ಮ ಗೇಟಿನಲ್ಲೇ ಕೊಲ್ಲಿಸಿದವನು ಅವನು ಎಂದು ನಾನು ಕೋರ್ಟಿನ ಮೆಟ್ಟಿಲ ಮೇಲೆ ಹತ್ತು ಜನರೆದುರು ಹೇಳಿದ್ದೆ.

"ಅವನ ಎದೆಯಲ್ಲಿ ಸಿಕ್ಕ ಗುಂಡು ನಿಮ್ಮ ರಿವಾಲ್ವರಿನ ಅಳತೆಯದು," ಎಂದರು ಇನ್‌ಸ್ಪೆಕ್ಟರ್. "ಊರಲ್ಲಿ ಆ ಅಳತೆಯದಕ್ಕೆ ಲೈಸೆನ್ಸ್ ಇರೋದು ಏಳು ಜನಕ್ಕೆ. ಆ ಏಳರಲ್ಲಿ ಅವನ ಮುಖ ನೋಡಿ 'ನಿನ್ನ ಬಿಡಲ್ಲ' ಅಂದಿದ್ದು ನೀವೊಬ್ಬರೇ."

"ಅಂದಿದ್ದೆ. ಕೋರ್ಟಿನಲ್ಲಿ ಬಿಡಲ್ಲ ಅಂತ."

"ಹಾಗಂತ ನೀವು ಅವತ್ತು ಬಿಡಿಸಿ ಹೇಳಲಿಲ್ಲ."

"ಅವನಿಗೆ ಅರ್ಥವಾಗಿತ್ತು."

ಕೊರಳ ಸರ ಎಳೆದು ಕೀಲಿ ತೆಗೆದೆ.

ಕಪಾಟು ಚಿಕ್ಕದು. ಒಂದು ಜೊತೆ ಶೂ ಹಿಡಿಸುವಷ್ಟು. ಗೋಡೆಗೆ ಅದನ್ನು ಬಿಗಿದ ನಾಲ್ಕು ಬೋಲ್ಟುಗಳೂ ಲಿಫ್ಟಿಗೆ ಹಾಕುವಂಥವು. ಲಿಫ್ಟುಗಳ ಹಗ್ಗ, ಬ್ರೇಕು ಪರೀಕ್ಷಿಸಿ ಸಹಿ ಹಾಕುವುದು ನನ್ನವರ ಕೆಲಸವಾಗಿತ್ತು. ಮರದ ಅಡ್ಡೆಯವನ ಹೊಸ ಕಟ್ಟಡದ ಲಿಫ್ಟಿಗೆ ಅವರು ಸಹಿ ಹಾಕಲಿಲ್ಲ. ಬೆದರಿಕೆ ಬಂತು. ಆಮೇಲೆ ರಿವಾಲ್ವರ್ ಬಂತು. ಅದು ಈ ಕಪಾಟಿನೊಳಗೆ ಇದ್ದಾಗಲೇ ಅವರು ಗೇಟಿನ ಹೊರಗೆ ಸತ್ತರು.

ಲೈಸೆನ್ಸನ್ನು ನಾನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಹೆಂಗಸಿಗೆ ಯಾಕಮ್ಮ ಇದು ಎಂದು ಕೇಳಿದವರು ಬಹಳ. ಗಂಡಸಿಗೆ ಯಾಕೆ ಎಂದು ಆಗ ನನ್ನವರನ್ನು ಯಾರೂ ಕೇಳಿರಲಿಲ್ಲ.

ರಿವಾಲ್ವರ್ ತನ್ನ ಜಾಗದಲ್ಲೇ ಇತ್ತು. ಬೀಗದ ಮೇಲೆ ಗೀರಿಲ್ಲ. ಇನ್‌ಸ್ಪೆಕ್ಟರ್ ಕೈಗವಸು ಹಾಕಿಕೊಂಡು ಅದನ್ನೆತ್ತಿ, ಬಿಡಿಸಿ, ಖಾಲಿ ಎಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರು ಅದನ್ನು ಹಿಡಿದ ರೀತಿ ಸರಿಯಾಗಿತ್ತು. ಬೆರಳು ಟ್ರಿಗರಿನ ಹತ್ತಿರವೂ ಸುಳಿಯಲಿಲ್ಲ.

ನಳಿಗೆಯ ತುದಿಯಿಂದ ಒಂದು ತೊಟ್ಟು ಎಣ್ಣೆ ಅವರ ಕೈಗವಸಿನ ಮೇಲೆ ಬಿತ್ತು.

"ಚೆನ್ನಾಗಿ ತೊಳೆದಿದ್ದೀರಿ," ಎಂದರು.

"ಇದು ನಾನು ಒರೆಸಿದ್ದಲ್ಲ."

ಅವರು ನನ್ನತ್ತ ತಿರುಗಿದರು.

ಲೋಹ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಮುರಿದು ಬಂದ ಯಂತ್ರದ ಭಾಗಗಳನ್ನು ಕೊಯ್ದು, ಕನ್ನಡಿಯಾಗುವವರೆಗೆ ಉಜ್ಜಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಎಲ್ಲಿಂದ ಬಿರುಕು ಬಿಟ್ಟಿತು ಎಂದು ಹುಡುಕುತ್ತೇನೆ. ಎಣ್ಣೆ ಜಾಸ್ತಿಯಾದರೆ ಬಿರುಕು ಮುಚ್ಚಿಹೋಗುತ್ತದೆ. ಅದಕ್ಕೇ ನಾನು ನಳಿಗೆಯೊಳಗೆ ಎಣ್ಣೆ ಉಳಿಸುವುದಿಲ್ಲ. ನನ್ನವರ ಹಳೆಯ ಬನಿಯನ್ನಿನ ಚೂರಿನಿಂದ ಒಳಗೆ ಒಣಗಿಸಿ, ಹೊರಗೆ ಮಾತ್ರ ತೆಳುವಾಗಿ ಎಣ್ಣೆ ಸವರುತ್ತೇನೆ. ಇದನ್ನೆಲ್ಲ ಇನ್‌ಸ್ಪೆಕ್ಟರಿಗೆ ಹೇಳಿದೆ.

ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಆ ಎಣ್ಣೆಯ ವಾಸನೆ ನನಗೆ ಗೊತ್ತಿತ್ತು. ಅದು ಪಡಸಾಲೆಯ ಮೂಲೆಯಲ್ಲಿರುವ ಹೊಲಿಗೆ ಮಿಷನ್ನಿನ ಎಣ್ಣೆ. ಆ ಮಿಷನ್ನು ಅತ್ತೆಯದು.

ಕಪಾಟಿನ ಕೀಲಿ ಯಾವಾಗಲೂ ನಿಮ್ಮ ಕೊರಳಲ್ಲೇ ಇರುತ್ತದೆಯೇ ಎಂದು ಅವರು ಕೇಳಿದರು. ಇಲ್ಲ ಎಂದೆ. ಉಜ್ಜುವ ಚಕ್ರದ ಮುಂದೆ ಕೊರಳಲ್ಲಿ ಸರ ಇರಬಾರದೆಂಬುದು ಪ್ರಯೋಗಾಲಯದ ನಿಯಮ. ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಸರ ನನ್ನ ಲಾಕರಿನಲ್ಲಿರುತ್ತದೆ. ಸ್ನಾನಕ್ಕೆ ಹೋದಾಗ ಬಚ್ಚಲಿನ ಹೊರಗಿನ ಮೊಳೆಯಲ್ಲಿರುತ್ತದೆ. ನಿನ್ನೆ ಒಂದರಿಂದ ಎರಡರವರೆಗೆ ಎಲ್ಲಿದ್ದಿರಿ ಎಂದರು. ಡಬ್ಬಿ ಹಿಡಿದು ಪಾರ್ಕಿನಲ್ಲಿ ಕೂತಿದ್ದೆ ಎಂದೆ. ಯಾರು ನೋಡಿದರು ಎಂದರು. ಯಾರಾದರೂ ನೋಡಲಿ ಎಂದು ಕೂತಿರಲಿಲ್ಲ ಎಂದೆ.

"ಆದರೆ ನನ್ನ ಕೀಲಿಯೊಂದೇ ಸಿಕ್ಕಿದರೆ ಯಾರಿಗೂ ಏನೂ ಮಾಡೋಕಾಗಲ್ಲ," ಎಂದೆ. "ಗುಂಡು ಇಲ್ಲಿಲ್ಲ. ಅತ್ತೆಯ ಕೋಣೆಯಲ್ಲಿದೆ. ಅದರ ಕೀಲಿ ಅವರ ಹತ್ತಿರ."

ಅವರ ಮುಖದಲ್ಲಿ ಮೊದಲ ಸಲ ಸ್ವಲ್ಪ ನಗು ಬಂತು. "ಇದು ರೈಫಲ್ ಕ್ಲಬ್ಬಿನ ಮೇಷ್ಟ್ರ ಪದ್ಧತಿ."

"ಹೌದು."

"ನಾನೂ ಅವರ ಹತ್ರವೇ ಕಲಿತೋನು. ಅಲ್ಲಮ್ಮ, ಕಳ್ಳ ಬಂದ್ರೆ ಅತ್ತೆ ಸೊಸೆ ಮೀಟಿಂಗ್ ಕರೀತೀರಾ?"

"ಮೂವತ್ತೆಂಟು ಸೆಕೆಂಡಿನ ಮೀಟಿಂಗು ಸಾರ್."

ಪೇದೆ ನಕ್ಕು, ತಕ್ಷಣ ಕೆಮ್ಮಿದಂತೆ ಮಾಡಿದಳು.

ಗುರಿ ಮೇಷ್ಟ್ರು ಪ್ರತಿ ಭಾನುವಾರ ಹತ್ತೂವರೆಗೆ ಬರುತ್ತಾರೆ. ರೈಫಲ್ ಕ್ಲಬ್ಬಿನಲ್ಲಿ ಮೊದಲು ನನ್ನವರಿಗೆ, ಆಮೇಲೆ ನನಗೆ ಗುರಿ ಕಲಿಸಿದವರು. ನನ್ನವರು ತೀರಿಕೊಂಡ ವಾರವೇ ಮುಂಬಾಗಿಲಿಗೂ ಹಿಂಬಾಗಿಲಿಗೂ ತಾವೇ ನಿಂತು ಹೊಸ ಬೀಗ ಹಾಕಿಸಿದವರು. ಬಾಗಿಲನ್ನು ಎರಡು ಸಲ ಬಡಿದು, ತಡೆದು, ಇನ್ನೊಂದು ಸಲ ಬಡಿಯುತ್ತಾರೆ. ಗೊತ್ತಿದ್ದವರು ಹೀಗೇ ಬಡಿಯಬೇಕೆಂಬ ನಿಯಮವೂ ಅವರದೇ. ಒಳಗೆ ಬಂದು ಊಟದ ಮೇಜಿನ ಮುಂದೆ ಕೂತು, ಜೇಬಿನಿಂದ ಹಳದಿ ಫ್ಲಾನಲ್ ಬಟ್ಟೆ ತೆಗೆದು ಸ್ಟಾಪ್‌ವಾಚಿನ ಗಾಜು ಒರೆಸುತ್ತಾರೆ. ಅಂಥ ಬಟ್ಟೆಗಳನ್ನು ಕ್ಲಬ್ಬಿಗೆಂದು ಒಂದು ಡಜನ್ ಹೊಲಿದುಕೊಟ್ಟವರು ಅತ್ತೆ. ಕೊನೆಯದಕ್ಕೆ ಮೂರು ಅಂಚು ಮುಗಿಯುವಷ್ಟರಲ್ಲಿ ಕೆಂಪು ದಾರ ಖಾಲಿಯಾಗಿ ನಾಲ್ಕನೆಯದಕ್ಕೆ ನೀಲಿ ಹಾಕಿದ್ದರು. ಈ ದಾರಿ ತಪ್ಪಿದ್ದು ನನಗೇ ಇರಲಿ ಎಂದು ಮೇಷ್ಟ್ರು ನಗುತ್ತ ಜೇಬಿಗೆ ಹಾಕಿಕೊಂಡಿದ್ದರು.

"ಶುರು" ಎನ್ನುತ್ತಾರೆ. ನಾನು ಬಾಗಿಲಿನ ಚಿಲಕ ಹಾಕುತ್ತೇನೆ. ಏಳು ವರ್ಷದ ನನ್ನ ಮಗಳು ಬಚ್ಚಲಿಗೆ ಓಡಿ ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತಾಳೆ. ಹುಟ್ಟಿದಾಗ ಅವಳು ಅಳುತ್ತಿದ್ದ ರಾಗಕ್ಕೆ ನನ್ನವರು ಅವಳನ್ನು ಪಿಟೀಲು ಎಂದು ಕರೆದರು, ಹಾಗೇ ಉಳಿಯಿತು. ಅತ್ತೆ ಪೊಲೀಸರಿಗೆ ಫೋನು ಮಾಡುತ್ತಾರೆ. ಇದೆಲ್ಲ ಆದ ಮೇಲೆ ಕೀಲಿಗಳು. ಕೋವಿ ಕೊನೆಯದು, ಅದಕ್ಕೂ ಮೊದಲು ಬಾಗಿಲು, ಮಗು, ಫೋನು ಎಂದು ಮೇಷ್ಟ್ರು ನಮ್ಮ ಬಾಯಿಂದ ನೂರು ಸಲ ಹೇಳಿಸಿದ್ದಾರೆ.

ಮೊದಲ ಭಾನುವಾರ ನಮಗೆ ಒಂದೂವರೆ ನಿಮಿಷ ಬೇಕಾಯಿತು; ಈಗ ಮೂವತ್ತೆಂಟು ಸೆಕೆಂಡು ಸಾಕು. ಅತ್ತೆ ತಮ್ಮ ಕೀಲಿಯನ್ನು ಕನ್ನಡಕದ ಡಬ್ಬಿಯಲ್ಲಿಡುತ್ತಾರೆ. ಅವರ ಕನ್ನಡಕ ಎಲ್ಲಿದೆ ಎಂಬುದು ಈ ಮನೆಯಲ್ಲಿ ಯಾವಾಗಲೂ ಕೇಳಿಬರುವ ಪ್ರಶ್ನೆ.

"ನಿನ್ನೆ ಸಂಜೆ ಅವರಿಗೇ ಫೋನ್ ಮಾಡಿದ್ದೆ," ಎಂದರು ಇನ್‌ಸ್ಪೆಕ್ಟರ್. "ನಿಮ್ಮ ವಿಷಯ ಕೇಳಿದೆ. ಬಹಳ ಶಿಸ್ತಿನ ಹುಡುಗಿ ಅಂದ್ರು. ಆದ್ರೆ ಗಂಡ ಹೋದ ಮೇಲೆ ಮನಸ್ಸು ಹಿಡಿತದಲ್ಲಿಲ್ಲ ಅಂದ್ರು."

ಈ ಮಾತು ನನಗೆ ನಾಟಬೇಕಿತ್ತು. ನಾಟಲಿಲ್ಲ. ಎಂಟು ತಿಂಗಳಿಂದ ನನಗೆ ಯಾವುದೂ ಬೇಗ ನಾಟುವುದಿಲ್ಲ.

ಅತ್ತೆಯನ್ನು ಕರೆದೆವು. ಅವರು ಕನ್ನಡಕ ಹುಡುಕಿದರು. ಅಡುಗೆಮನೆ, ದಿಂಬಿನ ಕೆಳಗೆ, ಟೀವಿಯ ಮೇಲೆ. ಪಿಟೀಲು ಅದನ್ನು ಮಿಷನ್ನಿನ ಹಿಂದಿನಿಂದ ತಂದುಕೊಟ್ಟಳು. ಅತ್ತೆ ಮಂಚದ ಕೆಳಗಿನಿಂದ ಕಬ್ಬಿಣದ ಪೆಟ್ಟಿಗೆ ಎಳೆದು ಬೀಗ ತೆರೆದರು.  ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಹದಿನೆಂಟು ಗುಂಡುಗಳಿರಬೇಕಿತ್ತು. ಕಳೆದ ಭಾನುವಾರ ನಾವಿಬ್ಬರೂ ಸೇರಿ ಎಣಿಸಿದ್ದೆವು. ಇನ್‌ಸ್ಪೆಕ್ಟರ್ ಎಣಿಸಿದರು. ಪೇದೆ ಎಣಿಸಿದಳು. ಆಮೇಲೆ ನಾನು ಕೇಳಿ ಇಸಿದುಕೊಂಡು ಎಣಿಸಿದೆ.

ಹದಿನೇಳು.

"ಒಂದು ಕೀಲಿಯಿಂದ ಆಗದ ಕೆಲಸ ಅಂದ್ರಿ," ಎಂದರು ಇನ್‌ಸ್ಪೆಕ್ಟರ್ ಮೆಲ್ಲಗೆ. "ಸರಿ. ಹಾಗಾದ್ರೆ ಇಬ್ಬರೂ ಸೇರಿ ಮಾಡಿದ್ದು ಅಂತ ಬರೀಲಾ?"

ನಮ್ಮನ್ನು ಕಾಪಾಡಲಿ ಎಂದು ಮಾಡಿಕೊಂಡ ನಿಯಮ ಅದು. ಈಗ ಅದೇ ನಮ್ಮಿಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ನಿಲ್ಲಿಸಿತ್ತು.

ಅವರು ಮಂಚದ ಅಂಚಿನಲ್ಲಿ ಕೂತು ಇನ್ನೊಂದು ಕಾಗದ ತೆಗೆದರು. ಅದು ಟೈಪು ಮಾಡಿಯೇ ತಂದದ್ದು. ಲೈಸೆನ್ಸನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ, ಇಂಥದ್ದನ್ನು ಜೋಪಾನ ಮಾಡುವ ಶಕ್ತಿ ನನಗಿಲ್ಲ, ಎಂದಿತ್ತು. ಸಹಿ ಹಾಕಿದರೆ ಒಳ್ಳೆಯದೆಂದು ಅವರು ವಿವರಿಸಿದರು. ಯಾರೋ ಕದ್ದು ಬಳಸಿದರು, ಹೆಂಗಸಿಗೆ ಗೊತ್ತಾಗಲಿಲ್ಲ ಎಂದು ಸಾಹೇಬರಿಗೆ ಹೇಳಬಹುದು. ಕೇಸು ನಿಮ್ಮ ತಲೆಯಿಂದ ಇಳಿಯುವ ದಾರಿ ಇದೊಂದೇ. ಮಗು ಇದೆ, ಯೋಚನೆ ಮಾಡಿ ಎಂದರು. ಅವರು ಕೆಟ್ಟ ಮನುಷ್ಯನಲ್ಲ. ನಿಜವಾಗಿಯೂ ನನಗೆ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದರು.

"ಇದಕ್ಕೆ ಸಹಿ ಹಾಕಲ್ಲ," ಎಂದೆ.

"ನೋಡಮ್ಮ..."

"ನೀವು ಮಹಜರು ಬರೀರಿ, ನಾನು ಹೇಳ್ತೀನಿ. ಕಪಾಟಿನ ಬೀಗ ಒಡೆದಿಲ್ಲ. ನಳಿಗೆಯೊಳಗೆ ಎಣ್ಣೆ ಇತ್ತು, ಅದು ನಾನು ಹಾಕಿದ್ದಲ್ಲ. ಹದಿನೆಂಟರಲ್ಲಿ ಒಂದು ಗುಂಡು ಇಲ್ಲ. ಮೂರನ್ನೂ ಬರೀರಿ. ರಿವಾಲ್ವರನ್ನ ಪರೀಕ್ಷೆಗೆ ತಗೊಂಡು ಹೋಗಿ, ರಸೀದಿ ಕೊಡಿ."

"ಈ ಮೂರೂ ನಿಮ್ಮ ವಿರುದ್ಧವೇ ಇವೆ. ಗೊತ್ತಾಗ್ತಿದೆಯಾ?"

"ಗೊತ್ತು."

"ಮತ್ತೆ?"

"ಮನೆ ಕಾಯೋಕೆ ಅಂತ ಇಟ್ಟುಕೊಂಡಿದ್ದು. ಅದು ಕೈತಪ್ಪಿದೆ ಅಂತ ಗೊತ್ತಾದ ಮೇಲೆ ಮುಚ್ಚಿಟ್ಟರೆ ನಾನು ಅದನ್ನ ಇಟ್ಟುಕೊಳ್ಳೋಕೆ ಲಾಯಕ್ಕಲ್ಲ. ಜೋಪಾನ ಮಾಡೋಕೆ ಬರಲ್ಲ ಅಂತ ಸುಳ್ಳು ಬರೆದುಕೊಟ್ಟರೂ ಲಾಯಕ್ಕಲ್ಲ. ಇದು ನನ್ನ ಮನೆ ಸಾರ್. ನನ್ನ ಹೆಸರಿನ ಲೈಸೆನ್ಸು. ಬೇಕಾದ್ರೆ ಕೋರ್ಟು ಕಿತ್ತುಕೊಳ್ಳಲಿ. ನಾನಾಗಿ ಕೊಡಲ್ಲ."

ಅವರು ಟೈಪು ಮಾಡಿದ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ ಬರೆದರು. ಮೂರನ್ನೂ. ರಿವಾಲ್ವರನ್ನೂ ಹದಿನೇಳು ಗುಂಡುಗಳನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ ಮುದ್ರೆ ಒತ್ತಿ ರಸೀದಿ ಕೊಟ್ಟರು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆಯ ವರದಿ ಬರುತ್ತದೆ, ಇಬ್ಬರೂ ಸ್ಟೇಷನ್ನಿಗೆ ಬರಬೇಕು ಎಂದರು. ಬಾಗಿಲಲ್ಲಿ ನಿಂತು, ಪಿಟೀಲಿಗೆ ಕೇಳದಂತೆ ದನಿ ತಗ್ಗಿಸಿ, ಒಂದು ಮಾತು ಸೇರಿಸಿದರು.

"ಬರುವಾಗ ಮಗುವನ್ನ ಯಾರ ಹತ್ರ ಬಿಡೋದು ಅಂತ ಯೋಚಿಸಿಕೊಂಡು ಬನ್ನಿ."

ಈ ಮಾತು ನಾಟಿತು.

ಜೀಪಿನ ಸದ್ದು ತಿರುವಿನಲ್ಲಿ ಕರಗಿತು. ಪಿಟೀಲನ್ನು ಬಣ್ಣದ ಪೆಟ್ಟಿಗೆಯೊಂದಿಗೆ ಒಳಗೆ ಕೂರಿಸಿ ಬಂದೆ. ಅತ್ತೆ ಮಿಷನ್ನಿನ ಮುಂದೆ ಕೂತಿದ್ದರು. ಹೊಲಿಯುತ್ತಿರಲಿಲ್ಲ. ಚಕ್ರದ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರು.

"ಅತ್ತೆ, ಅದಕ್ಕೆ ಎಣ್ಣೆ ಹಾಕಿದ್ದು ನೀವು."

ಅವರು ಇಲ್ಲ ಎನ್ನಲಿಲ್ಲ. "ಅವರ ಮುಂದೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾದೆ."

"ನಾನು ಹೇಗೆ ಹೇಳಲಿ? ನಿನ್ನನ್ನ ನಾನೇ ಹಿಡಿದುಕೊಟ್ಟ ಹಾಗಾಗ್ತಿತ್ತು."

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರು ತಡೆದು ತಡೆದು ಹೇಳಿದ್ದು ಇಷ್ಟು. ಶನಿವಾರ ಅವರು ಪಿಟೀಲನ್ನು ಚಿತ್ರದ ಕ್ಲಾಸಿಗೆ ಕರೆದುಕೊಂಡು ಹೋಗುತ್ತಾರೆ. ಹನ್ನೆರಡರಿಂದ ಮೂರರವರೆಗೆ ಮನೆ ಖಾಲಿ. ನಿನ್ನೆ ಚಿತ್ರದ ಟೀಚರಿಗೆ ಜ್ವರ ಬಂದು ಬೇಗ ಬಿಟ್ಟರು. ಎರಡು ಗಂಟೆಗೇ ಮನೆಗೆ ಬಂದರೆ ಹಿಂಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಬೆಳಿಗ್ಗೆ ನಾನು ಹಾಕಲು ಮರೆತಿರಬೇಕು ಎಂದುಕೊಂಡರು. ಸಂಜೆ ಕತ್ತರಿಗೆಂದು ಮಿಷನ್ನಿನ ಡ್ರಾಯರಿಗೆ ಕೈ ಹಾಕಿದಾಗ ತಣ್ಣಗೆ ಭಾರವಾದದ್ದೇನೋ ಸಿಕ್ಕಿತು.

"ಬಟ್ಟೇಲಿ ಸುತ್ತಿತ್ತು ಕಣೇ. ಕ್ಲಬ್ಬಿಂದ ಬಂದಾಗ ನಿನ್ನ ಕೈಗೆ ಒಂದು ವಾಸನೆ ಬರುತ್ತಲ್ಲ, ಸುಟ್ಟ ವಾಸನೆ, ಅದೇ ಬರ್ತಿತ್ತು. ಆಮೇಲೆ ಟೀವೀಲಿ ಅವನು ಸತ್ತ ಸುದ್ದಿ ಬಂತು." ಅವರು ನನ್ನ ಮುಖ ನೋಡಲಿಲ್ಲ. "ಮಧ್ಯಾಹ್ನ ನೀನೇ ಬಂದು ಅಲ್ಲಿ ಬಚ್ಚಿಟ್ಟು ಹೋಗಿದ್ದೀಯ ಅಂದ್ಕೊಂಡೆ. ನೀನು ಸ್ನಾನಕ್ಕೆ ಹೋದಾಗ ಮೊಳೆಯಿಂದ ಸರ ತಗೊಂಡೆ. ಇದ್ದ ಎಣ್ಣೆಯನ್ನೆಲ್ಲ ಸುರಿದು ಒರೆಸಿ ಕಪಾಟಿನಲ್ಲಿಟ್ಟೆ. ನಿನ್ನನ್ನ ಕೇಳಬಾರದು ಅಂತ ತೀರ್ಮಾನ ಮಾಡಿದ್ದೆ. ಹೊಡೆದಿದ್ರೂ ತಪ್ಪಲ್ಲ ಅನ್ನಿಸಿತ್ತು."

"ನಾನು ಹೊಡೀಲಿಲ್ಲ ಅತ್ತೆ. ಬೆಳಿಗ್ಗೆಯಿಂದ ನೀವು ಹೊಡೆದಿರಿ ಅಂತ ನಾನು ಅಂದ್ಕೊಂಡಿದ್ದೆ."

ಅವರು ತಲೆಯೆತ್ತಿದರು. "ನಾನಾ? ಸೂಜಿಗೆ ದಾರ ಪೋಣಿಸೋಕೆ ಪಿಟೀಲನ್ನ ಕರೀತೀನಿ."

ಎಂಟು ತಿಂಗಳಲ್ಲಿ ಮೊದಲ ಸಲ ನಾವಿಬ್ಬರೂ ನಕ್ಕೆವು. ನಗು ಅರ್ಧಕ್ಕೇ ನಿಂತಿತು. ಇಬ್ಬರಿಗೂ ಒಂದೇ ಸಲ ಹೊಳೆದಿರಬೇಕು. ನಾನಲ್ಲ, ಅವರಲ್ಲ. ಅಂದರೆ ನಮ್ಮ ಎರಡೂ ಕೀಲಿಗಳ ನಕಲುಗಳು ಮೂರನೆಯವರ ಕೈಯಲ್ಲಿವೆ. ಶನಿವಾರ ಮನೆ ಖಾಲಿ ಎಂದು ಗೊತ್ತಿದ್ದವರು. ತೆಗೆದದ್ದನ್ನು ತಿರುಗಿ ಕಪಾಟಿನಲ್ಲಿಡಲು ಬಂದವರು. ಅಜ್ಜಿ ಮೊಮ್ಮಗಳು ಬೇಗ ಬಂದ ಸದ್ದಾಗಿ, ಕೈಗೆ ಸಿಕ್ಕ ಡ್ರಾಯರಿಗೆ ತುರುಕಿ ಹಿಂಬಾಗಿಲಿನಿಂದ ಹೋದವರು.

"ಸುತ್ತಿದ್ದ ಬಟ್ಟೆ ಎಲ್ಲಿ?"

"ಚೂರುಬಟ್ಟೆಯ ಚೀಲಕ್ಕೆ ಹಾಕಿದೆ. ಕನ್ನಡಕ ಇರಲಿಲ್ಲ, ಯಾವ ಬಟ್ಟೆ ಅಂತ ನೋಡಲಿಲ್ಲ."

ಚೀಲವನ್ನು ನೆಲಕ್ಕೆ ಸುರಿದೆ. ಅಂಗಿಯ ತುಂಡುಗಳು, ಲಂಗದ ಅಂಚುಗಳು, ದಿಂಬಿನ ಹಳೆಯ ಚೀಲ. ನಡುವೆ ಹಳದಿ ಫ್ಲಾನಲ್. ಕಪ್ಪು ಮಸಿ ಹತ್ತಿತ್ತು. ಬಿಡಿಸಿ ಹಿಡಿದೆ.

ಮೂರು ಅಂಚು ಕೆಂಪು. ಒಂದು ನೀಲಿ.

ಅತ್ತೆ ಕನ್ನಡಕ ಏರಿಸಿಕೊಂಡು ಬಂದು, ನೀಲಿ ಹೊಲಿಗೆಯ ಮೇಲೆ ಬೆರಳಾಡಿಸಿದರು. ತಾವು ಹಾಕಿದ ಹೊಲಿಗೆ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? 

ಪ್ರತಿ ಭಾನುವಾರದ ಅಭ್ಯಾಸ ಮುಗಿದ ಮೇಲೆ ನಾನು ಪಿಟೀಲನ್ನು ಬಚ್ಚಲಿನಿಂದ ಕರೆತರಲು ಹೋಗುತ್ತೇನೆ, ಅತ್ತೆ ಟೀ ಮಾಡಲು ಹೋಗುತ್ತಾರೆ. ಆ ಹೊತ್ತಿನಲ್ಲಿ ಎರಡು ಕೀಲಿಗಳೂ ಊಟದ ಮೇಜಿನ ಮೇಲೆ ಇರುತ್ತವೆ. ಸ್ಟಾಪ್‌ವಾಚಿನ ಪಕ್ಕದಲ್ಲಿ, ಮೇಷ್ಟ್ರ ಎದುರಿಗೆ. ಅವರು ಅವನನ್ನು ಯಾಕೆ ಕೊಂದರು ಎಂದು ನನಗಿನ್ನೂ ಗೊತ್ತಿರಲಿಲ್ಲ.

ಇವತ್ತು ಭಾನುವಾರ. ಗೋಡೆಯ ಗಡಿಯಾರ ನೋಡಿದೆ. ಹತ್ತೂ ಇಪ್ಪತ್ತೊಂಬತ್ತು.

ಬಾಗಿಲು ಬಡಿದ ಸದ್ದಾಯಿತು. ಎರಡು ಸಲ. ತಡೆದು, ಒಂದು ಸಲ.

"ಮೇಷ್ಟ್ರು ತಾತ ಬಂದ್ರು," ಎನ್ನುತ್ತ ಪಿಟೀಲು ಕೈತುಂಬ ಬಣ್ಣ ಮಾಡಿಕೊಂಡು ಓಡಿ ಬಂದಳು. ನಾನು ಅವಳನ್ನು ಅರ್ಧ ದಾರಿಯಲ್ಲೇ ಹಿಡಿದು, ತುಟಿಯ ಮೇಲೆ ಬೆರಳಿಟ್ಟು, ಕಿವಿಯಲ್ಲಿ ಒಂದೇ ಮಾತು ಹೇಳಿದೆ.

"ಶುರು."

ಅವಳು ಬಚ್ಚಲಿಗೆ ಓಡಿದಳು. ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿತು. ನಾನು ಬರಿಗಾಲಲ್ಲಿ ಬಾಗಿಲಿಗೆ ಹೋಗಿ ಮೇಲಿನ ಚಿಲಕವನ್ನೂ ಕೆಳಗಿನ ಚಿಲಕವನ್ನೂ ಸದ್ದಾಗದಂತೆ ಸರಿಸಿದೆ. ಅತ್ತೆ ಆಗಲೇ ಫೋನಿನ ಹತ್ತಿರ ಇದ್ದರು. ಕನ್ನಡಕ ಮೂಗಿನ ಮೇಲೇ ಇತ್ತು. ಬೆರಳು ಒಂದು ಅಂಕಿಯನ್ನೂ ತಪ್ಪಲಿಲ್ಲ.

ಬಾಗಿಲು, ಮಗು, ಫೋನು. ಕೊನೆಯದು ಕೋವಿ. ಅದು ಈಗ ಮುದ್ರೆ ಒತ್ತಿದ ಚೀಲದಲ್ಲಿ ಊರಿನ ಇನ್ನೊಂದು ತುದಿಗೆ ಹೋಗುತ್ತಿತ್ತು. ನಾನೇ ಒತ್ತಾಯ ಮಾಡಿ ಕಳಿಸಿದ್ದೆ. ಇನ್ನೊಮ್ಮೆ ಕೇಳಿದರೂ ಹಾಗೇ ಮಾಡುತ್ತಿದ್ದೆ.

ಹೊರಗೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡಿರಬೇಕು.

ಆಮೇಲೆ, ನಾವು ಯಾರಿಗೂ ಕೊಟ್ಟಿರದ ಕೀಲಿಯೊಂದು ನಮ್ಮ ಮುಂಬಾಗಿಲಿನ ಬೀಗದೊಳಗೆ ಹೊಕ್ಕು, ಸಲೀಸಾಗಿ ತಿರುಗಿತು.

ಚಿಲಕ ತಡೆಯಿತು. ಬಾಗಿಲು ಒಂದು ಸಲ ಅಲುಗಿತು.

ನಾನು ಹಳದಿ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಬಚ್ಚಲಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಮನಸ್ಸಿನಲ್ಲೇ ಎಣಿಸಲು ತೊಡಗಿದೆ.

ಒಂದು.